ಜನರಲ್ಲನ ನಕ್ಷತ್ರ

ಜಯನಗರದಲ್ಲಿ ನಮ್ಮ ಪಕ್ಕದ ಮನೆಯವರು ಮಿಲಿಟರಿಯಿಂದ ನಿವೃತ್ತರಾದ ಹವಾಲ್ದಾರರು. ದಸರೆಗೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲು ಅವರ ಸೈನ್ಯಕ್ಕೇ ಮೀಸಲು. ಹೆಬ್ಬೆರಳುದ್ದದ ಮಣ್ಣಿನ ಸಿಪಾಯಿಗಳ ತೋಳಿಗೆ ಪಟ್ಟಿ, ಜನರಲ್ಲನ ಭುಜಕ್ಕೆ ನಕ್ಷತ್ರ, ಎಲ್ಲವನ್ನೂ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಕತ್ತರಿಸಿ, ಉಸಿರು ಬಿಗಿಹಿಡಿದು ಅಂಟಿಸುತ್ತಿದ್ದರು. ಆಮೇಲೆ ತಾವೇ ಎದ್ದು ನಿಂತು ಜನರಲ್ಲನಿಗೆ ಸೆಲ್ಯೂಟ್ ಹೊಡೆಯುತ್ತಿದ್ದರು. ನಾವು ನಕ್ಕರೆ, "ಸೆಲ್ಯೂಟು ಆಳಿಗಲ್ಲಪ್ಪ, ನಕ್ಷತ್ರಕ್ಕೆ" ಎನ್ನುತ್ತಿದ್ದರು.

ಒಂದು ವರ್ಷ ಗೋಂದು ಮುಗಿದುಹೋಗಿ ಬೆಲ್ಲದ ಪಾಕದಲ್ಲಿ ಅಂಟಿಸಿದರು. ಸಂಜೆ ಆರತಿಯ ಹೊತ್ತಿಗೆ ಜನರಲ್ಲನ ಭುಜ ಬೋಳಾಗಿತ್ತು.

"ರೀ, ನಿಮ್ ನಕ್ಷತ್ರ ಗೋಡೆ ಮೇಲೆ ಹೋಗ್ತಾ ಇದೆ ನೋಡಿ," ಎಂದರು ಅವರ ಹೆಂಡತಿ, ಆರತಿ ತಟ್ಟೆ ಹಿಡಿದುಕೊಂಡೇ.

ದೊಡ್ಡದೊಂದು ಕಪ್ಪಿರುವೆ ಅದನ್ನು ಹೊತ್ತುಕೊಂಡು ಗೋಡೆ ಹತ್ತುತ್ತಿತ್ತು. ಹವಾಲ್ದಾರರು ಪಂಚೆ ಸರಿಮಾಡಿಕೊಂಡು, ಹಿಮ್ಮಡಿ ಜೋಡಿಸಿ, ಇರುವೆಗೆ ಸೆಲ್ಯೂಟ್ ಹೊಡೆದರು.