ಎಣ್ಣೆ ಸದ್ದಿನಲ್ಲಿ ಮುಳುಗಿದ ಬಾತುಕೋಳಿ

ಬಸ್ ಡಿಪೋದ ಗೇಟಿನ ಪಕ್ಕದಲ್ಲಿ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕ ಕೋಣೆ. ಅದರ ಕಿಟಕಿಗೆ ಗಾಜಿಲ್ಲ, ಕಂಬಿ ಮಾತ್ರ. ಆ ಕಂಬಿಯ ಹಿಂದೆ ಇಪ್ಪತ್ತಾರು ವರ್ಷಗಳಿಂದ ಕೂತಿರುವ ಟೈಮ್‌ಕೀಪರ್ ಹೆಂಗಸಿಗೆ ಡಿಪೋದವರು ಇಟ್ಟ ಹೆಸರು ಗಡಿಯಾರಕ್ಕ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಡುವುದು ಅವಳ ಕೆಲಸ. ಪುಸ್ತಕದ ಕೊನೆಯ ಕಾಲಮ್ಮಿನ ಹೆಸರು ‘ತಡಕ್ಕೆ ಕಾರಣ’. ಡ್ರೈವರುಗಳು ಹೇಳಿದ್ದನ್ನೆಲ್ಲ ಅವಳು ಅಲ್ಲಿ ಬರೆದುಕೊಳ್ಳುವುದಿಲ್ಲ. “ಟ್ರಾಫಿಕ್ ಅಕ್ಕಾ” ಎಂದವನ ಬಾಯಿಂದ ಟೀ ವಾಸನೆ ಬಂದರೆ ಅವಳು ಬರೆಯುವುದು ‘ಟೀ’ ಎಂದೇ.

ಇಂಥವಳ ಮನೆಯಲ್ಲಿ ತಿಂಗಳ ಕೊನೆಯ ಭಾನುವಾರ ಸಂಜೆ ಏಳಕ್ಕೆ ಸ್ನೇಹಿತರ ಊಟ. ಹದಿನೆಂಟು ವರ್ಷದ ಹಿಂದೆ, ಮುಚ್ಚಿಹೋದ ಹೋಟೆಲೊಂದರಿಂದ ಆರು ಕುರ್ಚಿಗಳ ಮೇಜು ಅಗ್ಗಕ್ಕೆ ಸಿಕ್ಕಿದಾಗ ಶುರುವಾದದ್ದು. ಮೇಜು ಬಂದ ಮೇಲೆ ಅದರ ಸುತ್ತ ಜನ ಬೇಡವೇ? ಶನಿವಾರ ಡ್ಯೂಟಿ ಮುಗಿಸಿ ಮಾರುಕಟ್ಟೆಗೆ ಹೋಗಿ, ಕಿವಿರು ಎತ್ತಿ ನೋಡಿ, ಮಾರುವವಳ ಜೊತೆ ಎರಡು ಮಾತು ಜಗಳವಾಡಿ ಮೀನು ಕೊಳ್ಳುವಲ್ಲಿಂದ ಅವಳ ಖುಷಿ ಆರಂಭ. ಕಾಳು ನೆನೆಹಾಕುವಾಗಲೂ ಖುಷಿ, ತಟ್ಟೆ ಒರೆಸುವಾಗಲೂ ಖುಷಿ. ಭಾನುವಾರ ಸಂಜೆ ಮೆಟ್ಟಿಲ ಮೇಲಿನ ಸದ್ದು ಕೇಳಿಯೇ ಬಂದವರು ಯಾರೆಂದು ಹೇಳಿಬಿಡುತ್ತಿದ್ದಳು. ಎರಡೆರಡು ಮೆಟ್ಟಿಲು ಹಾರಿ ಬರುವವಳು ಹನ್ನೆರಡನೇ ನಂಬರ್ ಬಸ್ಸಿನ ಡ್ರೈವರ್ ಹುಡುಗಿ. ನಡುವೆ ನಿಂತು, ಉಸಿರಾಡುವ ನೆಪದಲ್ಲಿ ಅಡುಗೆಯ ವಾಸನೆ ಹಿಡಿಯುವವರು ಡಿಪೋದ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಮೇಸ್ತ್ರಿ. ಹಿಂದಿನಿಂದ ಅವರನ್ನು “ನಡೀರಿ, ನಡೀರಿ” ಎಂದು ತಳ್ಳುವುದು ಅವರ ಹೆಂಡತಿ, ಬಟ್ಟೆ ಹೊಲಿಯುವ ಹೊಲಿಗೆಯಕ್ಕ. ಬಾಗಿಲು ತೆರೆಯುವ ಮೊದಲೇ ಅರ್ಧ ಮಾತು ಮುಗಿಸಿರುವವಳು ನಾದಿನಿ, ಆಸ್ಪತ್ರೆಯಲ್ಲಿ ನರ್ಸು.

ಈ ಊಟ ಊರಿನಲ್ಲಿ ಹೆಸರಾದದ್ದು ಮಾತ್ರ ಗಂಡನ ಹೆಸರಿನಲ್ಲಿ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಒಳ್ಳೆಯ ಮಾತುಗಾರ, ಯಾರನ್ನು ಕಂಡರೂ “ಭಾನುವಾರ ಬಂದ್ಬಿಡಿ, ಊಟಕ್ಕೆ” ಎನ್ನುವವನು. ಕರೆಯುವುದಕ್ಕೆ ಅರ್ಧ ನಿಮಿಷ ಸಾಕು. ಉಳಿದ ಒಂದೂವರೆ ದಿನದ ಕೆಲಸ ಗಡಿಯಾರಕ್ಕನದು. ಕೆಟ್ಟವನಲ್ಲ, ಮೇಜು ಒರೆಸುತ್ತಿದ್ದ, ನೀರು ತುಂಬಿಸಿಡುತ್ತಿದ್ದ, ಊಟದ ನಡುವೆ ಎರಡು ಸಲವಾದರೂ “ಬಾ, ನೀನೂ ಕೂತ್ಕೋ” ಎಂದು ಒಳಕ್ಕೆ ಕೂಗುತ್ತಿದ್ದ. ಕೂಗಿದ ಮೇಲೆ ತನ್ನ ಕರ್ತವ್ಯ ಮುಗಿಯಿತೆಂದು ಇನ್ನೊಂದು ತುಂಡು ಮೀನು ಹಾಕಿಕೊಳ್ಳುತ್ತಿದ್ದ.

ಮೀನೇ ಆ ಮನೆಯ ಹೆಗ್ಗಳಿಕೆ. ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನು; ಬಾಣಲೆಯಿಂದ ತೆಗೆದು ತಟ್ಟೆಗೆ ಬಿದ್ದ ಎರಡು ನಿಮಿಷದಲ್ಲಿ ತಿನ್ನಬೇಕು, ಆರಿದರೆ ಚಕ್ಕಳ. ಬಾಣಲೆಗೆ ಒಮ್ಮೆಗೆ ಹಿಡಿಯುವುದು ಆರು ತುಂಡು. ಅದು ಒಂದು ಒಬ್ಬೆ. ಅಂಥ ಮೂರು ಒಬ್ಬೆ ಆಗಬೇಕು. ಹಾಗಾಗಿ ಎಲ್ಲರೂ ತಿನ್ನುವಾಗ ಅವಳು ಕರಿಯುತ್ತಿರುತ್ತಾಳೆ, ಅವಳು ತಿನ್ನುವಾಗ ಎಲ್ಲರೂ ಕೈತೊಳೆದಿರುತ್ತಾರೆ. ಆರನೆಯ ಕುರ್ಚಿಯ ಮೇಲೆ ಬಂದವರ ಕೈಚೀಲಗಳು ಕೂರುತ್ತಿದ್ದವು. ಹದಿನೆಂಟು ವರ್ಷದಲ್ಲಿ ಅದರ ಸೀಟು ಚೀಲಗಳ ಆಕಾರಕ್ಕೇ ತಗ್ಗಿತ್ತು.

ಇದಕ್ಕೆಲ್ಲ ಅವಳು ಗೊಣಗಿದವಳಲ್ಲ. ಅವಳಿಗಿದ್ದ ಕೊರತೆ ಒಂದೇ. ಅದು ಮೇಸ್ತ್ರಿಯ ಬಾತುಕೋಳಿ ಕಥೆ.

ಆ ಕಥೆ ಹೇಳದೆ ಊಟ ಮುಗಿದ ಭಾನುವಾರ ಕಡಿಮೆ. ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಯಾರೂ ಕೇಳದಿದ್ದರೆ ಮೇಸ್ತ್ರಿಯೇ “ಬೇಡ ಬಿಡಿ, ಎಷ್ಟು ಸಲ ಅದನ್ನೇ” ಎಂದು ಶುರುಮಾಡುತ್ತಿದ್ದರು. ಮೊದಲ ಒಬ್ಬೆ ತಟ್ಟೆಗೆ ಬಿದ್ದು, ಎಲ್ಲರ ಬಾಯಿ ತುಂಬಿ, ಮಾತಿಗೆ ಅಡ್ಡಿ ಇಲ್ಲದ ಹೊತ್ತೇ ಅವರಿಗೆ ಹೇಳಲು ಸರಿಯಾದ ಹೊತ್ತು. ಗಡಿಯಾರಕ್ಕ ಎರಡನೇ ಒಬ್ಬೆಗೆ ಒಳಗೆ ಹೋಗುವುದೂ ಆಗಲೇ. ಆರಂಭ ಅವಳಿಗೆ ಸರಿಯಾಗಿ ಕೇಳಿಸುತ್ತಿತ್ತು: ಕೆರೆಯ ಏರಿಯ ಮೇಲೆ ಕೆಟ್ಟು ನಿಂತ ಬಸ್ಸು, ಒಣಗಿದ ರೇಡಿಯೇಟರ್, ನೀರು ತರಲು ಬಕೆಟ್ ಇಲ್ಲ, ತಪಾಸಣೆಗೆ ಬಂದ ಸಾಹೇಬರು ಮಾತ್ರ ಟೋಪಿ ತೆಗೆಯದೆ ಬಿಗಿದುಕೊಂಡು ಕೂತಿದ್ದಾರೆ. ಅಷ್ಟರಲ್ಲಿ ಆರು ತುಂಡು ಎಣ್ಣೆಗೆ ಇಳಿಯಬೇಕು. ಚೊರ್ ಎಂಬ ಸದ್ದಿನಲ್ಲಿ ಕಥೆ ಮುಳುಗುತ್ತಿತ್ತು. ಏಳು ನಿಮಿಷದ ಮೇಲೆ ಮೀನು ಎತ್ತಿದಾಗ ಕೊನೆ ಮಾತ್ರ ತೇಲಿಬರುತ್ತಿತ್ತು: “ಸಾಹೇಬ್ರ ತಲೆ ಮೇಲೆ ಬಾತುಕೋಳಿ, ಬಾತುಕೋಳಿ ಹೆಸರಲ್ಲಿ ಅರ್ಧ ಟಿಕೆಟ್!” ಹಿಂದೆಯೇ ಮೇಜು ಅಲುಗುವಂಥ ನಗು.

ಬಾತುಕೋಳಿ ಎಲ್ಲಿಂದ ಬಂತು? ತಲೆ ಮೇಲೆ ಹೇಗೆ ಹತ್ತಿತು? ಟಿಕೆಟ್ ಯಾಕೆ ಅರ್ಧ? ಒಮ್ಮೆ ಗಂಡನನ್ನು ಕೇಳಿದಳು. ಅದು ಮೇಸ್ತ್ರಿಯ ಬಾಯಲ್ಲೇ ಕೇಳಬೇಕು, ತಾನು ಹೇಳಿದರೆ ಸಪ್ಪೆ ಎಂದು ಮಗ್ಗುಲಾದ. ಡಿಪೋದಲ್ಲಿ ಮೇಸ್ತ್ರಿಯನ್ನೇ ಕೇಳಿದಳು. ಅವರು ಬಸ್ಸಿನ ಕೆಳಗಿನಿಂದಲೇ, ಇದು ಊಟದ ಮೇಜಿನ ಕಥೆ, ಗ್ರೀಸ್ ಕೈಯಲ್ಲಿ ಹೇಳುವುದಲ್ಲ ಎಂದರು. ಹೀಗೆ ಹದಿನೆಂಟು ವರ್ಷ ಕಥೆಯ ನಡುವಿನ ಏಳು ನಿಮಿಷ ಅವಳಿಗೆ ಸಿಗಲೇ ಇಲ್ಲ.

ಆ ತಿಂಗಳು ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಮೇಸ್ತ್ರಿಗೆ ವರ್ಗಾವಣೆ, ಒಂದನೇ ತಾರೀಖಿಗೆ ಹೊಸ ಡಿಪೋದಲ್ಲಿ ಹಾಜರಾಗಬೇಕು. ಆ ಊರು ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೀಟು ಎಳೆಯುವ ಕೆಲಸ ಗಡಿಯಾರಕ್ಕನ ಪಾಲಿಗೇ ಬಂತು. ಗೀಟು ಎಳೆಯುವಾಗ ಅವಳಿಗೆ ಹೊಳೆದದ್ದು, ಉಳಿದಿರುವುದು ಒಂದೇ ಭಾನುವಾರ ಎಂದು. ಅವತ್ತು ಕೇಳದಿದ್ದರೆ ಇನ್ನು ಕೇಳಿದ ಹಾಗೇ.

ಡಿಪೋದ ಖಾಲಿ ಟ್ರಿಪ್‌ಶೀಟ್ ಒಂದನ್ನು, ತನ್ನ ಪುಸ್ತಕದ ಕಾಲಮ್ಮುಗಳೇ ಇರುವ ಹಾಳೆಯನ್ನು, ಮಡಚಿ ಮನೆಗೆ ತಂದಳು. ಬಸ್ಸಿನ ಹೆಸರು ಬರೆಯುವ ಜಾಗದಲ್ಲಿ ಸೂಪು, ಕಾಳು, ಅನ್ನ, ಮೊದಲ ಒಬ್ಬೆ ಎಂದು ಬರೆದಳು. ಹೊರಡುವ ಸಮಯ ಬರೆದಳು. ಸಿಬ್ಬಂದಿ ಎಂಬಲ್ಲಿ ತನ್ನ ಹೆಸರು ಬರೆಯುತ್ತ ಬಂದು, ‘ಎರಡನೇ ಒಬ್ಬೆ, 7.30’, ‘ಮೂರನೇ ಒಬ್ಬೆ, 7.45’ ಎಂಬ ಎರಡು ಸಾಲಿನ ಮುಂದೆ ಗಂಡನ ಹೆಸರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಗಂಡ ಎರಡು ಸಲ ಓದಿದ. ಇಷ್ಟಕ್ಕೆಲ್ಲ ಯಾಕೆ, ಈ ಸಲ ಮೀನೇ ಬೇಡ, ಮೊದಲೇ ಮಾಡಿಡುವಂಥದ್ದು ಏನಾದರೂ ಮಾಡಿದರಾಯಿತು ಎಂದ.

“ನಾನು ಕೂತ್ಕೊಂಡ ದಿನವೇ ಮೇಜಿಂದ ಮೀನು ಮಾಯ ಆಗ್ಬೇಕಾ?” ಎಂದಳು ಅವಳು. “ಮೀನೂ ಇರ್ಲಿ, ನಾನೂ ಇರ್ತೀನಿ.”

ಗುರುವಾರ ಗಂಡನ ಅಭ್ಯಾಸ ಶುರುವಾಯಿತು. ಮೊದಲ ದಿನದ ಮೀನು ಹೊರಗೆ ಇದ್ದಿಲು, ಒಳಗೆ ಹಸಿ. ಪಕ್ಕದ ಮನೆಯ ಬೆಕ್ಕು ಒಮ್ಮೆ ಮೂಸಿ, ಅವನ ಮುಖ ನೋಡಿ ಹೊರಟುಹೋಯಿತು. ಶುಕ್ರವಾರ ಸ್ವಲ್ಪ ವಾಸಿ. ಶನಿವಾರದ ಹೊತ್ತಿಗೆ ತುಂಡು ಯಾವಾಗ ಮಗುಚಬೇಕೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಅವನು, “ಇಲ್ಲಿ ಇಷ್ಟು ಸೆಖೆ ಇರತ್ತಾ?” ಎಂದ.

“ಹದಿನೆಂಟು ವರ್ಷದಿಂದ ಇಷ್ಟೇ ಇದೆ,” ಎಂದಳು.

ಭಾನುವಾರ ಬಂದವರು ಅಭ್ಯಾಸಬಲದಿಂದ ಆರನೇ ಕುರ್ಚಿಗೆ ಚೀಲ ಇಡಲು ಹೋಗಿ, ಅಲ್ಲಿ ತಟ್ಟೆ ಇಟ್ಟಿರುವುದನ್ನು ನೋಡಿ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡರು. ನಾದಿನಿ ನೀರು ಕುಡಿಯಲು ಹೋದವಳು ಫ್ರಿಜ್ಜಿನ ಮೇಲಿನ ಪಟ್ಟಿ ಓದಿ ಬಂದಳು.

“ಅತ್ತಿಗೆ, ಅಣ್ಣನ ಕೈಗೆ ಬಾಣಲೆ ಕೊಟ್ಟಿದ್ದೀರಾ? ಮೊದಲೇ ಹೇಳಿದ್ರೆ ಆಸ್ಪತ್ರೆಯಿಂದ ಸುಟ್ಟಗಾಯದ ಮುಲಾಮು ತರ್ತಿದ್ದೆ.”

ಸೂಪಾಯಿತು, ಕಾಳಾಯಿತು. ಮೊದಲ ಒಬ್ಬೆ ತಟ್ಟೆಗೆ ಬಿತ್ತು. ಏಳೂವರೆಗೆ ಸರಿಯಾಗಿ ಗಡಿಯಾರಕ್ಕ ಸೆರಗಿಗೆ ಕೈ ಒರೆಸಿಕೊಂಡು ಆರನೇ ಕುರ್ಚಿಯಲ್ಲಿ ಕೂತಳು, ಗಂಡ ಎದ್ದು ಒಳಗೆ ಹೋದ. ಕುರ್ಚಿ ತಗ್ಗಿದ್ದರಿಂದ ಮೇಜು ಎದೆಯ ಮಟ್ಟಕ್ಕೆ ಬಂತು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಬಿಸಿ ಮೀನು ಬಾಯಿಗಿಟ್ಟಳು. ಹೊರಗೆ ಗರಿ, ಒಳಗೆ ಮೆತ್ತಗೆ. ತಾನು ಮಾಡುವ ಅಡುಗೆ ಬಿಸಿಯಲ್ಲಿ ಹೀಗಿರುತ್ತದೆಂದು ಅವಳಿಗೆ ಗೊತ್ತಾದದ್ದು ಆಗಲೇ. ಇವರು ತಿಂಗಳು ತಿಂಗಳೂ ಮೆಟ್ಟಿಲು ಹತ್ತಿ ಬರುವುದರಲ್ಲಿ ತಪ್ಪೇನಿಲ್ಲ ಅನ್ನಿಸಿತು.

ಆ ಕುರ್ಚಿಯಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಗಂಡ ಪೂರ್ತಿ ಕಾಣಲಿಲ್ಲ. ಒಂದು ಮೊಣಕೈ ಮಾತ್ರ ಬಾಗಿಲ ಚೌಕಟ್ಟಿನಾಚೆ ಮೇಲೆ ಕೆಳಗೆ ಆಡುತ್ತಿತ್ತು. ಇಷ್ಟು ವರ್ಷ ಇವರಿಗೆಲ್ಲ ತಾನು ಕಂಡದ್ದೂ ಇಷ್ಟೇ, ಒಂದು ಮೊಣಕೈ.

ನಾದಿನಿಯ ಕಣ್ಣಿಗೂ ಆ ಮೊಣಕೈ ಬಿತ್ತು. ಪಾಪ ಅಣ್ಣ ಒಬ್ಬನೇ ಇದ್ದಾನೆ ಎಂದು ಅರ್ಧ ಎದ್ದಳು.

“ಕೂತ್ಕೋ,” ಎಂದಳು ಗಡಿಯಾರಕ್ಕ. “ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ.” ಮೇಸ್ತ್ರಿಯ ಕಡೆ ತಿರುಗಿ, “ಶುರುಮಾಡಿ ಮೇಸ್ತ್ರೀ. ಬಾತುಕೋಳಿ,” ಎಂದಳು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಏರಿ ಬಂತು, ರೇಡಿಯೇಟರ್ ಬಂತು, ಟೋಪಿಯ ಸಾಹೇಬರು ಬಂದರು. ಒಳಗೆ ಚೊರ್ ಎಂದಿತು. ಗಡಿಯಾರಕ್ಕ ಮುಂದಕ್ಕೆ ಬಾಗಿದಳು. ಬಸ್ಸಿನಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಅವಳ ಬುಟ್ಟಿಯಲ್ಲಿ ಒಂದು ಬಾತುಕೋಳಿ ಇತ್ತಂತೆ. ನೀರಿಗೆ ಏನು ಮಾಡುವುದೆಂದು ಮೇಸ್ತ್ರಿ ಬಹಳ ಹೊತ್ತು ಯೋಚಿಸಿದರಂತೆ, ಯಾವ ಸ್ಪ್ಯಾನರ್ ಯಾವ ನಟ್ಟಿಗೆ ಎಂದು ವಿವರವಾಗಿ ಬಂತು. ಆಮೇಲೆ ಸಾಹೇಬರು ಸೆಖೆಗೆ ಟೋಪಿ ತೆಗೆದಾಗ ಬುಟ್ಟಿಯ ಮುಚ್ಚಳ ಜಾರಿ, ಬಾತುಕೋಳಿ ಹಾರಿ ಅವರ ಬೋಳುತಲೆಯ ಮೇಲೆ ಕೂತಿತಂತೆ. ಕಂಡಕ್ಟರ್ ಹೆದರಿ ಅರ್ಧ ಟಿಕೆಟ್ ಹರಿದನಂತೆ. ಮುಗಿಯಿತು.

ಎಲ್ಲರೂ ಎಂದಿನಂತೆ ನಕ್ಕರು. ಗಂಡ ಎರಡನೇ ಒಬ್ಬೆ ತಂದಿಟ್ಟ. ಎರಡು ತುಂಡು ಕಪ್ಪಗಾಗಿದ್ದವು, ನಾಲ್ಕು ಸರಿಯಾಗಿದ್ದವು. ಮೂರನೆಯದಕ್ಕೆ ಮತ್ತೆ ಒಳಗೆ ಹೋದ. ಗಡಿಯಾರಕ್ಕ ಮಾತ್ರ ನಗಲಿಲ್ಲ.

“ಅಷ್ಟೇನಾ?” ಎಂದಳು.

ಮೇಸ್ತ್ರಿಯ ಕೈಯಲ್ಲಿದ್ದ ತುಂಡು ಬಾಯಿಗೆ ಹೋಗದೆ ನಿಂತಿತು. ಇನ್ನೇನು ಬೇಕಿತ್ತು ಅಕ್ಕ ಎಂದು ಕೇಳಿದರು, ಸ್ವಲ್ಪ ನೊಂದೇ.

“ಅಲ್ಲ, ಟಿಕೆಟ್ ಅರ್ಧ ಯಾಕೆ? ಅದಕ್ಕೊಂದು ಕಾರಣ ಬೇಡ್ವಾ? ನಾನು ಬೇರೆ ಥರ ಅಂದ್ಕೊಂಡಿದ್ದೆ.”

ಹೊಲಿಗೆಯಕ್ಕ ತಟ್ಟೆ ಪಕ್ಕಕ್ಕೆ ಸರಿಸಿದರು. ಆ ಕಥೆಯನ್ನು ಮೂವತ್ತು ವರ್ಷ ಕೇಳಿದವರು ಅವರು. “ಹೇಳಿ ಗಡಿಯಾರಕ್ಕ,” ಎಂದರು, “ಬೇರೆ ಥರ ಕೇಳಿ ನನಗೂ ಪುಣ್ಯ ಬರ್ಲಿ.”

ಅವಳು ಹೇಳತೊಡಗಿದಳು. ಬಕೆಟ್ ಇಲ್ಲದ್ದಕ್ಕೆ ಸಾಹೇಬರ ಟೋಪಿಯನ್ನೇ ಕೇಳಿ ತೆಗೆದುಕೊಳ್ಳುತ್ತಾರೆ. ನೀರು ತುಂಬಿಸಲು ದಡದಲ್ಲಿಟ್ಟ ಟೋಪಿಯನ್ನು ಬಾತುಕೋಳಿಯೊಂದು ತನಗೇ ತಂದ ಗೂಡೆಂದು ಒಪ್ಪಿಕೊಂಡು ಒಳಗೆ ಕೂತುಬಿಡುತ್ತದೆ. ಓಡಿಸಿದರೆ ಕಚ್ಚುತ್ತದೆ. ಟೋಪಿ ಇಲ್ಲದೆ ಕಚೇರಿಗೆ ಹೋದರೆ ಸಾಹೇಬರಿಗೇ ಮೆಮೊ. ಆ ನಿಯಮ ಮಾಡಿದವರೂ ಅವರೇ. ಕೈಮುಗಿದು ಬೇಡುತ್ತಾರೆ, ಬಿಸ್ಕತ್ತು ತೋರಿಸುತ್ತಾರೆ, ಅದು ಬಿಸ್ಕತ್ತು ತಿಂದು ಮತ್ತೆ ಕೂರುತ್ತದೆ. ಡ್ರೈವರ್ ಹುಡುಗಿ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಬೇರೆ ದಾರಿ ಕಾಣದೆ ಸಾಹೇಬರು ಬಾತುಕೋಳಿ ಸಮೇತ ಟೋಪಿಯನ್ನು ತಲೆಯ ಮೇಲಿಟ್ಟು, ಗಂಭೀರವಾಗಿ, ಕತ್ತು ಅಲುಗಿಸದೆ ಬಸ್ಸು ಹತ್ತುತ್ತಾರೆ.

ಅಲ್ಲಿಗೆ ಅಡುಗೆಮನೆಯಿಂದ ಗಂಡನ ದನಿ ಬಂತು. “ಏನು? ಬಾತುಕೋಳಿ ಎಲ್ಲಿ ಕೂತ್ಕೊಳ್ತು? ಎಣ್ಣೆ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ನಂಗೆ.”

ಡ್ರೈವರ್ ಹುಡುಗಿ ಅವಳ ಕೈ ಹಿಡಿದು, ಆಮೇಲೆ ಹೇಳಿದರಾಯಿತು, ಮುಂದೆ ಹೋಗಿ ಎಂದು ಜಗ್ಗಿದಳು. ಗಡಿಯಾರಕ್ಕ ಬಾಗಿಲಿನ ಕಡೆ ನೋಡಿದಳು. ಚೌಕಟ್ಟಿನಾಚೆ ಆ ಮೊಣಕೈ ಆಡುವುದನ್ನು ನಿಲ್ಲಿಸಿ ಕಾಯುತ್ತಿತ್ತು.

“ಒಲೆ ಆರಿಸಿ ಬನ್ನಿ,” ಎಂದಳು. “ಕಾಯ್ತೀವಿ.”

ನಾದಿನಿ ಎತ್ತಿದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಹದಿನೆಂಟು ವರ್ಷದಲ್ಲಿ ‘ಕಾಯ್ತೀವಿ’ ಎಂಬುದು ಯಾರ ಬಾಯಿಂದಲೂ ಬಂದಿರಲಿಲ್ಲ; ಎಷ್ಟು ಸುಲಭದ ಮಾತು ಎಂದು ಎಲ್ಲರಿಗೂ ಒಟ್ಟಿಗೇ ತಿಳಿದಂತಿತ್ತು. ಒಳಗೆ ಎಣ್ಣೆಯ ಸದ್ದು ಇಳಿಯುತ್ತ ಬಂದು ನಿಂತಿತು. ಗಂಡ ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಬಂದು ಕೂತ. ಹೆಂಡತಿಯ ಮುಖ ನೋಡಿ, “ಮೊದಲಿಂದ ಹೇಳ್ತೀಯಾ?” ಎಂದಷ್ಟೇ ಕೇಳಿದ.

ಅವಳು ಮೊದಲಿನಿಂದ ಹೇಳಿದಳು. ಬಸ್ಸು ಹತ್ತಿದ ಸಾಹೇಬರನ್ನು ಕಂಡಕ್ಟರ್ ತಡೆಯುತ್ತಾನೆ. ಬಸ್ಸು ಹತ್ತಿದ ಪ್ರತಿ ಜೀವಕ್ಕೂ ಟಿಕೆಟ್ ಹರಿಯಬೇಕೆಂದು ಹೋದ ವಾರವಷ್ಟೇ ಸಾಹೇಬರೇ ಆಜ್ಞೆ ಹೊರಡಿಸಿದ್ದರಲ್ಲ. ಪೂರ್ತಿಯೋ ಅರ್ಧವೋ ಎಂದು ವಾದವಾಗುತ್ತದೆ. ಕೊನೆಗೆ ಬಾಗಿಲ ಪಕ್ಕದಲ್ಲಿ ಮಕ್ಕಳ ಎತ್ತರ ಅಳೆಯುವ ಗೀಟಿನ ಮುಂದೆ ಬಾತುಕೋಳಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಕತ್ತು ಚಾಚಿದರೂ ಗೀಟು ಮುಟ್ಟುವುದಿಲ್ಲ. ಅರ್ಧ ಟಿಕೆಟ್.

ಹೊಲಿಗೆಯಕ್ಕ ಮೇಜಿಗೆ ಹಣೆ ಇಟ್ಟು ನಕ್ಕರು. ಡ್ರೈವರ್ ಹುಡುಗಿ ಕುರ್ಚಿಯಿಂದ ಜಾರಿದಳು. ಗಂಡ ಸಟ್ಟುಗದಿಂದ ತೊಡೆ ಬಡಿದುಕೊಂಡು ಪ್ಯಾಂಟಿಗೆ ಎಣ್ಣೆ ಮಾಡಿಕೊಂಡ. ಎಲ್ಲರಿಗಿಂತ ಕೊನೆಗೆ ನಕ್ಕವರು ಮೇಸ್ತ್ರಿ; ನಕ್ಕು ಕಣ್ಣೊರೆಸಿಕೊಂಡು, ಇಷ್ಟೆಲ್ಲ ಯಾವಾಗ ಕಟ್ಟಿದಿರಿ ಎಂದು ಕೇಳಿದರು.

“ನೀವು ಹೇಳ್ತಿದ್ದಾಗಲೇ,” ಎಂದಳು. “ಸಲಕ್ಕೆ ಏಳು ನಿಮಿಷ.”

ಹೊಸ ಡಿಪೋದಲ್ಲಿ ಇನ್ನು ಇದನ್ನೇ ಹೇಳುವುದಾಗಿ ಮೇಸ್ತ್ರಿ ಮಾತು ಕೊಟ್ಟರು. ಗಡಿಯಾರಕ್ಕನ ಕಥೆ ಎಂದೇ ಹೇಳಬೇಕೆಂದು ಹೊಲಿಗೆಯಕ್ಕ ತಾಕೀತು ಮಾಡಿದರು, ಹೇಳದಿದ್ದರೆ ತಾನಿದ್ದೇನೆ ಎಂದರು. ಆಮೇಲೆ ಬಾಣಲೆಯಲ್ಲಿ ಅರ್ಧ ಬೆಂದು ಕೂತಿದ್ದ ಮೀನಿನ ನೆನಪು ಬಂದು ಆರು ಜನವೂ ಅಡುಗೆಮನೆಗೆ ನುಗ್ಗಿದರು. ಮೂವರು ನಿಲ್ಲುವ ಜಾಗ ಅದು. ಮೇಸ್ತ್ರಿ ಸಟ್ಟುಗ ಕಿತ್ತುಕೊಂಡು, ಇಂಜಿನ್ ಆದರೇನು ಒಲೆಯಾದರೇನು ಎಂದು ಉರಿ ಏರಿಸಿದರು. ಮೀನು ಸ್ವಲ್ಪ ಎಣ್ಣೆ ಕುಡಿದಿತ್ತು, ಸ್ವಲ್ಪ ಗಟ್ಟಿಯಾಗಿತ್ತು. ನಿಂತೇ ತಿಂದರು, ಒಂದು ಚೂರೂ ಉಳಿಯಲಿಲ್ಲ.

ಎಲ್ಲರೂ ಮೆಟ್ಟಿಲಿಳಿದ ಮೇಲೆ ಗಂಡ ತಟ್ಟೆ ತೊಳೆಯಲು ನಿಂತ. ಅದು ಪಟ್ಟಿಯಲ್ಲಿ ಇರಲಿಲ್ಲ. ಗಡಿಯಾರಕ್ಕ ಫ್ರಿಜ್ಜಿನ ಬಾಗಿಲಿನಿಂದ ಟ್ರಿಪ್‌ಶೀಟ್ ತೆಗೆದು, ಪೆನ್ನು ಹುಡುಕಿ, ಖಾಲಿ ಉಳಿದಿದ್ದ ಕೊನೆಯ ಕಾಲಮ್ಮು ತುಂಬಿದಳು. ಮೂರನೇ ಒಬ್ಬೆ, ನಲವತ್ತು ನಿಮಿಷ ತಡ. ತಡಕ್ಕೆ ಕಾರಣ: ಬಾತುಕೋಳಿ.