ಹುರುಳಿ ಹಾಸಿದ ರಸ್ತೆ

ಬಸ್ಸು ಓಡಾಡುವ ರಸ್ತೆ ಇರುವಾಗ ಕಣ ಯಾಕೆ ಬೇಕು ಅನ್ನುವವಳು ವೆಂಕಟರತ್ನಮ್ಮ. ಮದುವೆಯಾಗಿ ದೇವರಾಯಸಮುದ್ರಕ್ಕೆ ಬಂದಾಗಿನಿಂದ ಸುಗ್ಗಿಯಲ್ಲಿ ಹುರುಳಿ ಗಿಡವನ್ನು ಟಾರು ರಸ್ತೆ ಮೇಲೆ ಹಾಸುತ್ತಿದ್ದಳು. ಬಸ್ಸು ಲಾರಿಗಳ ಚಕ್ರ ಹತ್ತಿ ಹೋದರೆ ಕಾಯಿ ಒಡೆದು ಕಾಳು ಉದುರುತ್ತಿತ್ತು. ಅವಳು ಬೇವಿನ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಡ್ರೈವರುಗಳ ಯೋಗ್ಯತೆ ಅಳೆಯುತ್ತಿದ್ದಳು. ಹುರುಳಿ ತಪ್ಪಿಸಿ ಪಕ್ಕಕ್ಕೆ ಸರಿದು ಹೋದವನಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ಕೆರೆ ಹತ್ತಿರ ಎದ್ದ ರೆಸಾರ್ಟಿನವರು, ರಜೆಗೆ ಬರುವವರಿಗೆಂದು ಅದೇ ರಸ್ತೆ ಬದಿಯ ಕಲ್ಲುಗಳಿಗೆಲ್ಲ ಹಳದಿ ಬಾಣ ಬಳಿದು ‘ಸೈಕಲ್ ದಾರಿ’ ಮಾಡಿದರು. ಅವಳ ಗಂಡ ಸೈಕಲ್ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ತಂದವನು. ಹೊರೆಯಿಲ್ಲದೆ, ಹೋಗುವ ಊರೂ ಇಲ್ಲದೆ ಪೆಡಲು ತುಳಿಯುವ ಇವರು ಅವಳ ಕಣ್ಣಿಗೆ ಬೆವರು ಸುರಿಸುವ ಸೋಂಬೇರಿಗಳು.

ಒಂದು ಭಾನುವಾರ ಹೆಲ್ಮೆಟ್ಟಿನ ಗುಂಪೊಂದು ಹುರುಳಿಯ ಮುಂದೆ ಬಂದು ನಿಂತಿತು.

“ಹತ್ತಿಸಿಕೊಂಡು ಹೋಗ್ರಪ್ಪಾ, ಅದಕ್ಕೇ ಹಾಸಿರೋದು,” ಅಂದಳು.

“ಛೆ, ನಿಮ್ಮ ಬೆಳೆ ಹಾಳಾಗುತ್ತಮ್ಮಾ,” ಅಂದ ಮುಂದಿದ್ದವನು.

ಎಲ್ಲರೂ ಸೈಕಲನ್ನು ಹೆಗಲಿಗೇರಿಸಿ, ರಸ್ತೆ ಬಿಟ್ಟಿಳಿದು, ಅವಳು ಹಿಂದಿನ ದಿನವಷ್ಟೇ ನೆಟ್ಟಿದ್ದ ಟೊಮೇಟೊ ಸಸಿಗಳನ್ನು ತುಳಿದುಕೊಂಡು ದಾಟಿದರು. ದಾಟಿದ ಮೇಲೆ ಪುಣ್ಯ ಕಟ್ಟಿಕೊಂಡವರ ಹಾಗೆ ಕೈ ಬೀಸಿದರು.

“ಸಂಜೆ ಇದೇ ದಾರೀಲಿ ವಾಪಸ್ ಬರ್ತೀವಮ್ಮಾ.”

ವೆಂಕಟರತ್ನಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಉಗಿದಳು.

“ಬಸ್ಸಲ್ಲಿ ಬನ್ನಿ. ನಿಮ್ಮಿಂದ ಆಗದ ಕೆಲಸ ಅದಾದ್ರೂ ಮಾಡುತ್ತೆ.”