ಧಣಿಗಳ ಒಂದು ಮಾತು, ಪ್ರೇಮತ್ತೆಯ ನರ್ಸಿಂಗು

ಮೊನ್ನೆ ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗು ಬಿಸಾಕಿ ಪಕ್ಕದಲ್ಲಿ ಕೂತಳು. ಅವಳ ಕೈಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಇಂಜೆಕ್ಷನ್ ಕೊಡುವ ಮೊದಲು ಹತ್ತಿಯಲ್ಲಿ ಅದ್ದಿ ಉಜ್ಜುತ್ತಾರಲ್ಲ, ಮೂಗಿನೊಳಗೆ ಚುರ್ ಎನ್ನುವ ಆ ತಣ್ಣನೆಯ ವಾಸನೆ. ಕೇಳಿದರೆ, ಅವರ ಹೈಸ್ಕೂಲಿನಲ್ಲಿ ಈಗ ಹೆಲ್ತ್ ಕೇರ್ ಅಂತ ಒಂದು ಸಬ್ಜೆಕ್ಟು ಇದೆಯಂತೆ, ಅವತ್ತು ಅದರ ಪ್ರಾಕ್ಟಿಕಲ್ಲಂತೆ. ಅದು ಬೇಡ ಅಂದವರಿಗೆ ಬ್ಯೂಟಿ ಪಾರ್ಲರ್ ಕೆಲಸ, ಅಂಗಡಿಗೆ ಬಂದ ಗಿರಾಕಿಯ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು, ಎಲ್ಲ ಕಲಿಸುತ್ತಾರಂತೆ. "ಅಮ್ಮಾ, ಕೈ ಕೊಡು, ಬ್ಯಾಂಡೇಜ್ ಕಟ್ಟಿ ತೋರಿಸ್ತೀನಿ" ಅಂದಳು. ಕೊಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು ಮೊಣಕೈಗೆ ಬಟ್ಟೆ ಸುತ್ತುತ್ತಿದ್ದರೆ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಇಷ್ಟು ವರ್ಷ ಆದರೂ ಅದು ಆರಿಲ್ಲ ಅನ್ನುವುದು ನನಗೂ ಆವಾಗಲೇ ಗೊತ್ತಾಗಿದ್ದು.

ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ನಮ್ಮಜ್ಜ ರೈಟರು. ಆಳುಗಳ ಹಾಜರಿ ಹಾಕುವುದು, ಕಣದಲ್ಲಿ ಒಣಗಿದ ಕಾಫಿಯನ್ನು ತೂಗಿಸಿ ಮೂಟೆ ಕಟ್ಟಿಸುವುದು ಅವರ ಕೆಲಸ. ಕಣಕ್ಕೆ ತಾಗಿದಂತೆ ನಮ್ಮ ಕ್ವಾರ್ಟರ್ಸು. ಎರಡು ಕೋಣೆ, ಒಂದು ಜಗಲಿ, ಹಿಂದುಗಡೆ ಕಾಫಿ ಹೊಟ್ಟು ಉರಿಸುವ ಬಚ್ಚಲೊಲೆ. ಅಷ್ಟರಲ್ಲೇ ಅಜ್ಜ, ಅಜ್ಜಿ, ಎಸ್ಟೇಟಿನ ಜೀಪು ಓಡಿಸುತ್ತಿದ್ದ ಅಪ್ಪ, ಅಮ್ಮ, ಪ್ರೈಮರಿ ಸ್ಕೂಲಿನ ನಾನು, ಮತ್ತೆ ಅಪ್ಪನ ತಂಗಿ ಪ್ರೇಮತ್ತೆ. ತೊಂಬತ್ತರ ದಶಕದ ಮಾತು. ಪ್ರೇಮತ್ತೆ ಎಸ್ಸೆಸ್ಸೆಲ್ಸಿಯನ್ನು ಒಳ್ಳೆಯ ಮಾರ್ಕಿನಲ್ಲೇ ಪಾಸು ಮಾಡಿದ್ದಳು. ಆದರೂ ಎಲ್ಲರ ಹಾಗೆ ಪಿಯುಸಿಗೆ ಹೋಗಲಿಲ್ಲ. ಚಿಕ್ಕಮಗಳೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಹುಡುಗಿಯರಿಗೆಂದೇ ಎರಡು ವರ್ಷದ ನರ್ಸಿಂಗ್ ಕೋರ್ಸು ಇತ್ತು, ಅದಕ್ಕೆ ಸೇರಿದಳು. ಪಕ್ಕದ ರೂಮಿನಲ್ಲಿ ಹೊಲಿಗೆಯ ಕೋರ್ಸು. ಎರಡಕ್ಕೂ ಊರಿನವರು ಇಟ್ಟ ಹೆಸರು ಒಂದೇ, ದಡ್ಡರ ಕೋರ್ಸು. "ಮಾರ್ಕ್ಸ್ ಇದ್ದೂ ಅಲ್ಲಿಗೆ ಯಾಕೆ ಹೋಗ್ತೀಯೆ ಮಾರಾಯ್ತಿ?" ಅಂತ ಬಸ್ಸಿನಲ್ಲಿ ಯಾರೋ ಕೇಳಿದ್ದಕ್ಕೆ ಪ್ರೇಮತ್ತೆ, "ನಿಮಗೆ ಡ್ರಿಪ್ಸ್ ಹಾಕೋಕೆ ಯಾರಾದ್ರೂ ಬೇಕಲ್ಲ" ಅಂದಿದ್ದಳಂತೆ. ಅವಳ ಬಾಯಿ ಹಾಗಿತ್ತು, ಆಗ.

ಅವಳು ಸೇರಿದ ಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ, ವಾರ್ಡಾಯಿತು. ಅಜ್ಜನ ಹಳೇ ಪಂಚೆಗಳೆಲ್ಲ ಉದ್ದುದ್ದ ಹರಿದು ಸುರುಳಿಯಾದವು. ಸಾಯಂಕಾಲ ಕೈಕಾಲು ತೊಳೆದು ಜಗಲಿಗೆ ಬಂದವರಿಗೆ ಕಾಫಿಗಿಂತ ಮೊದಲು ಬ್ಯಾಂಡೇಜು. ನನ್ನ ತಲೆ ಒಡೆದಿದೆ ಅಂತ ತಿಳಿದುಕೊಳ್ಳಬೇಕು, ಅಪ್ಪನ ಕಾಲು ಮುರಿದಿದೆ ಅಂತ ತಿಳಿದುಕೊಳ್ಳಬೇಕು. ಅಜ್ಜಿ ಮಾತ್ರ ಕೈಗೆ ಸಿಗುತ್ತಿರಲಿಲ್ಲ. "ಎಂಥದೇ ಇದು, ಇದ್ದಬದ್ದವರನ್ನೆಲ್ಲ ರೋಗಿ ಮಾಡಿ ಮಲಗಿಸ್ತೀಯಲ್ಲ? ನಾನಿನ್ನೂ ಗಟ್ಟಿ ಇದ್ದೇನೆ, ಆಚೆ ಹೋಗು" ಅಂತ ಸೌಟು ತೋರಿಸುತ್ತಿದ್ದರು. ಒಮ್ಮೆ ಅಮ್ಮ, ಪಾಪ, ಶುದ್ಧವಾಗಿರಲಿ ಅಂತ ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಾಕಿದಳು. ಅದು ಟಪ್ ಅಂತ ಒಡೆದು, ಪಾದರಸ ಗುಂಡುಗುಂಡಾಗಿ ನೆಲದ ತುಂಬ ಓಡಿತು. ಹಿಡಿಯಲು ಹೋದ ನನ್ನ ರಟ್ಟೆ ಹಿಡಿದು ಪ್ರೇಮತ್ತೆ ಹೊರಗೆಳೆದಳು. ಆಮೇಲೆ ಅಮ್ಮನೂ ಅವಳೂ ಜಗಲಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಬಿಳಿ ಯೂನಿಫಾರ್ಮನ್ನು ಅವಳು ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತುವಾಗ ಬರುತ್ತಿದ್ದ ಬೆಚ್ಚಗಿನ ಬಟ್ಟೆಯ ವಾಸನೆ, ಕಣದಲ್ಲಿ ಕಾಫಿ ಕೆದರುವ ಹಲಗೆಯ ಸದ್ದು, ಒಳಗೆ ಅಜ್ಜಿಯ ಗೊಣಗು. ಆ ಮನೆ ಎಂದರೆ ನನಗೆ ಇಷ್ಟೇ, ಇಷ್ಟು ಸಾಕಾಗಿತ್ತು.

ಎರಡನೇ ವರ್ಷ ಕಾಲೇಜಿನವರು ಹುಡುಗಿಯರನ್ನು ಆಸ್ಪತ್ರೆಯ ವಾರ್ಡಿಗೆ ಟ್ರೇನಿಂಗಿಗೆ ಕಳಿಸುತ್ತಿದ್ದರು. ಅದನ್ನು ಮುಗಿಸದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಕೆಲಸ ಇಲ್ಲ. ಕಾಫಿ ಕೊಯ್ಲಿನ ಹೊತ್ತಿಗೇ ಅದು ಬಂತು. ಅದೇ ಹೊತ್ತಿಗೆ ಬಂಗಲೆಯಲ್ಲಿ ಧಣಿಗಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಮೇಸ್ತ್ರಿ ಬಂದು ಜಗಲಿಯ ಕೆಳಗೆ ನಿಂತು, "ರೈಟ್ರೆ, ನಿಮ್ಮ ಹುಡುಗಿ ನರ್ಸ್ ಓದ್ತದಂತಲ್ಲ, ದೊಡ್ಡಮ್ಮನವ್ರನ್ನ ನೋಡ್ಕೊಳ್ಳೋಕೆ ಕಳಿಸ್ಬೇಕಂತೆ" ಅಂದ. ಅಜ್ಜನ ಮುಖ ನೀವು ನೋಡಬೇಕಿತ್ತು. ಬಂಗಲೆಯವರು ಬಾಯಿಬಿಟ್ಟು ಕೇಳಿದ್ದಾರೆ! ಪ್ರೇಮತ್ತೆ, "ಅಪ್ಪಯ್ಯ, ನನಗೆ ಆಸ್ಪತ್ರೆ ಟ್ರೇನಿಂಗ್ ಉಂಟಲ್ಲ" ಅಂದಳು. "ಇದೂ ಟ್ರೇನಿಂಗೇ ಅಲ್ವೇನೆ? ಅಲ್ಲಿ ಯಾರ್ಯಾರದೋ ಸೇವೆ ಮಾಡೋ ಬದಲು ಇಲ್ಲಿ ಮಾಡು. ಧಣಿಗಳು ಕಾಲೇಜಿಗೆ ಒಂದು ಮಾತು ಹೇಳ್ತಾರೆ, ಮುಗೀತು" ಅಂದರು ಅಜ್ಜ.

ಎಸ್ಟೇಟಿನಲ್ಲಿ ಹುಟ್ಟಿ ಬೆಳೆಯದವರಿಗೆ ಇದು ಮೂರ್ಖತನ ಅನ್ನಿಸಬಹುದು. ಆದರೆ ಅಜ್ಜನ ಬದುಕಿನಲ್ಲಿ ಎಲ್ಲವೂ ಆ ಒಂದು ಮಾತಿನಿಂದಲೇ ಆಗಿತ್ತು. ಅಪ್ಪನಿಗೆ ಡ್ರೈವರ್ ಕೆಲಸ ಸಿಕ್ಕಿದ್ದು ಒಂದು ಮಾತಿನಿಂದ. ಅಜ್ಜಿಗೆ ಆಪರೇಷನ್ ಆದಾಗ ಡಾಕ್ಟರು ಬಂದದ್ದೂ, ನನಗೆ ಸ್ಕೂಲಿನಲ್ಲಿ ಸೀಟು ಸಿಕ್ಕಿದ್ದೂ ಹಾಗೇ. ಧಣಿಗಳು ಹೇಳಿದರೆ ಮಳೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಿಲ್ಲುತ್ತದೆ ಅಂತ ಅಜ್ಜ ನಂಬಿದ್ದರು. ಆ ಮಾತು ಮಲ್ಲಂದೂರಿನ ಆಚೆಗೆ ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದನ್ನು ನೋಡುವ ಸಂದರ್ಭ ಅವರಿಗೆ ಬಂದೇ ಇರಲಿಲ್ಲ.

ಪ್ರೇಮತ್ತೆ ವಾರ್ಡಿಗೆ ಬರಲಿಲ್ಲ ಅಂತ ಅವಳ ಕಾಲೇಜಿನ ಮೇಡಂ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ಸೀರೆಯ ಅಂಚಿಗೆ ಧೂಳು ಹತ್ತಿತ್ತು. ಅಜ್ಜಿ ಕಾಫಿ ಕೊಟ್ಟರು. ಅಜ್ಜ ನಿಂತೇ ಮಾತಾಡಿದರು, "ಧಣಿಗಳು ನಿಮ್ಮ ಪ್ರಿನ್ಸಿಪಾಲ್ರಿಗೆ ಒಂದು ಮಾತು ಹೇಳ್ತಾರೆ ಮೇಡಂ, ನೀವೇನೂ ಯೋಚನೆ ಮಾಡ್ಬೇಡಿ." ಮೇಡಂ ಲೋಟ ಕೆಳಗಿಟ್ಟು, "ನನಗೆ ಮಾತು ಬೇಡ ರೈಟ್ರೆ, ಹುಡುಗಿ ಬೇಕು. ನಾಳೆ ಬೆಳಿಗ್ಗೆ ಬಸ್ಸಿಗೆ ಹತ್ತಿಸಿ" ಅಂದರು. ಅಜ್ಜ ನಕ್ಕರು. ಪಟ್ಟಣದವರಿಗೆ ಎಸ್ಟೇಟಿನ ವಿಷಯ ಏನು ಗೊತ್ತು ಅನ್ನುವ ನಗು. ಮೇಡಂ ಹೋದ ಮೇಲೆ ಅಜ್ಜಿ ಬಾಗಿಲಿಗೆ ಒರಗಿ, "ಅವ್ರು ಅಷ್ಟು ದೂರದಿಂದ ಬಂದದ್ದು ಸುಮ್ನೆಯಾ? ಕಳಿಸಿ ಹುಡುಗೀನ" ಅಂದರು. "ನೀನು ಸುಮ್ನಿರು" ಅಂದರು ಅಜ್ಜ. ಅಜ್ಜಿ ಮೇಡಂ ಕುಡಿದ ಲೋಟ ಎತ್ತಿಕೊಂಡು ಒಳಗೆ ಹೋದರು. ನಮ್ಮ ಮನೆಯಲ್ಲಿ ಹೆಂಗಸರು ಹೇಳಿದ್ದು ಸರಿ ಇದ್ದಾಗಲೆಲ್ಲ ಹೀಗೇ ಆಗುತ್ತಿತ್ತು.

ಆಮೇಲೆ ಏನಾಯಿತು ಅಂತ ಹೇಳಲೇಬೇಕೇ? ಪ್ರೇಮತ್ತೆ ಕೊಯ್ಲು ಮುಗಿಯುವ ತನಕ ಬಂಗಲೆಯಲ್ಲಿದ್ದಳು. ದೊಡ್ಡಮ್ಮನವರ ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸಿದಳು, ಮೈ ಒರೆಸಿದಳು, ಬೆಡ್‌ಪ್ಯಾನ್ ತೊಳೆದಳು. ಪರೀಕ್ಷೆಗೆ ಕೂರುವವರಲ್ಲಿ ಅವಳ ಹೆಸರಿಲ್ಲ ಅಂತ ಗೊತ್ತಾದ ದಿನ ಅಜ್ಜ ಟೋಪಿ ಹಾಕಿಕೊಂಡು ಬಂಗಲೆಗೆ ಹೋದರು. ವಾಪಸು ಬಂದು ಟೋಪಿ ಗೂಟಕ್ಕೆ ತಗಲಿಸಿ, "ಧಣಿಗಳಿಗೆ ಮರ್ತೇ ಹೋಗಿತ್ತಂತೆ. ಕೊಯ್ಲಿನ ಗಡಿಬಿಡಿ ಅಲ್ವಾ, ಪಾಪ. ಮುಂದಿನ ವರ್ಷ ಹೇಳ್ತಾರಂತೆ" ಅಂದರು. ಪಾಪವಂತೆ! ಮುಂದಿನ ವರ್ಷವೂ ದೊಡ್ಡಮ್ಮನವರು ಮಂಚದಲ್ಲೇ ಇದ್ದರು. ಅದರ ಮುಂದಿನ ವರ್ಷವೂ. ಅವರು ತೀರಿಕೊಳ್ಳುವ ಹೊತ್ತಿಗೆ ಆ ಕಾಲೇಜಿನಲ್ಲಿ ಕೋರ್ಸೇ ನಿಂತುಹೋಗಿತ್ತು. ತಿಥಿಯ ದಿನ ಬಂಗಲೆಯವರು ಬಂದ ನೆಂಟರಿಗೆಲ್ಲ "ಪ್ರೇಮ ನಮ್ಮನೆ ಮಗಳಿದ್ದ ಹಾಗೆ" ಅಂತ ಪರಿಚಯ ಮಾಡಿಸಿದರು. ಮನೆಮಗಳು ಹಿಂದಿನ ಬಾಗಿಲಲ್ಲಿ ಊಟಕ್ಕೆ ಕೂತಿದ್ದಳು.

ಹೋಗಲಿ ಬಿಡಿ, ಧಣಿಗಳು ಕೆಟ್ಟವರಲ್ಲ, ಮರೆತರು ಅಷ್ಟೇ, ಅಂತ ಬರೆಯುವವರು ಕೆಳಗೆ ಕಾಮೆಂಟಿಗೆ ಬರುತ್ತೀರಿ, ಗೊತ್ತು. ಹೌದು, ಮರೆತರು. ತಮ್ಮ ಕಾಫಿಯ ಒಂದು ಮೂಟೆಯನ್ನು ಯಾವತ್ತಾದರೂ ಮರೆತಿದ್ದರಾ? ನನ್ನ ಸಿಟ್ಟು ಅದಕ್ಕೇ. ಅಜ್ಜ ರಿಟೈರಾದಾಗ ಕ್ವಾರ್ಟರ್ಸ್ ಬಿಟ್ಟುಕೊಟ್ಟೆವು, ಚಿಕ್ಕಮಗಳೂರಿನಲ್ಲಿ ಬಾಡಿಗೆಗೆ ಬಂದೆವು. ಆ ಮನೆ ಈಗ ಹೋಂಸ್ಟೇ. ಪಾದರಸ ಓಡಿದ ನೆಲಕ್ಕೆ ಟೈಲ್ಸು ಬಿದ್ದಿದೆ, ಕಣದಲ್ಲಿ ಶನಿವಾರ ಭಾನುವಾರ ಕ್ಯಾಂಪ್ ಫೈರ್ ಉರಿಯುತ್ತದೆ. ಪ್ರೇಮತ್ತೆ ಯಾರ್ಯಾರದೋ ಮನೆಗಳಲ್ಲಿ ಮುದುಕರನ್ನು ನೋಡಿಕೊಂಡು ಬದುಕಿದಳು. ಬಸ್ಸಿನಲ್ಲಿ ತಿರುಗಿ ಉತ್ತರ ಕೊಟ್ಟ ಬಾಯಿ ಆಮೇಲೆ ಯಾರಿಗೂ ಏನೂ ಅನ್ನಲಿಲ್ಲ. ಈಗ ಅವಳೂ ಇಲ್ಲ. ಸಿಟ್ಟು ಮಾಡಿಕೊಳ್ಳದೆಯೇ ಹೋದಳು, ಅವಳ ಪಾಲಿನದೂ ನನಗೇ ಬಂದಿದೆ.

ಅಜ್ಜನ ಕೊನೆಯ ದಿನಗಳು ಮಾತ್ರ ಮರೆಯುವುದಿಲ್ಲ. ಪ್ರೇಮತ್ತೆ ಟ್ರೇನಿಂಗಿಗೆ ಹೋಗಬೇಕಿದ್ದ ಆಸ್ಪತ್ರೆಯಲ್ಲೇ, ಉಸಿರಾಟದ ತೊಂದರೆ ಅಂತ ಸೇರಿಸಿದ್ದೆವು. ಆಗ ನಾನು ಡಿಗ್ರಿ ಓದುತ್ತಿದ್ದೆ. ಸಾಯಂಕಾಲ ಪ್ರೇಮತ್ತೆ ಅವರಿಗೆ ಗಂಜಿ ಕುಡಿಸುತ್ತಿದ್ದಳು. ಡ್ಯೂಟಿಗೆ ಬಂದ ನರ್ಸು ಚಿಕ್ಕ ಹುಡುಗಿ, ಒಳ್ಳೆಯ ಹುಡುಗಿಯೇ. "ಟೈಮಾಯ್ತು, ಪೇಷಂಟ್ ಕಡೆಯವ್ರೆಲ್ಲ ಹೊರಗಡೆ ಇರಿ" ಅಂದಳು. ಅಜ್ಜ ಮಾಸ್ಕ್ ಸರಿಸಿ, "ಧಣಿಗಳಿಗೆ ಹೇಳಿ ಕಳಿಸು ಪ್ರೇಮ. ಒಂದು ಮಾತು ಹೇಳಿದ್ರೆ ನಿನ್ನ ಒಳಗೇ ಇರೋಕೆ ಬಿಡ್ತಾರೆ" ಅಂದರು. ನನಗೆ ಕೂಗಬೇಕು ಅನ್ನಿಸಿತು. ಪ್ರೇಮತ್ತೆ ಅವರ ಬಾಯಿ ಒರೆಸಿ, ಮಾಸ್ಕ್ ಮತ್ತೆ ಕೂರಿಸಿ, "ಆಯ್ತು ಅಪ್ಪಯ್ಯ, ಹೇಳಿ ಕಳಿಸ್ತೀನಿ" ಅಂದು ಹೊರಗೆ ಬಂದಳು. ಬೆಂಚಿನಲ್ಲಿ, ಉಳಿದ ಪೇಷಂಟುಗಳ ಕಡೆಯವರ ಮಧ್ಯೆ ಸ್ವಲ್ಪ ಜಾಗ ಮಾಡಿಕೊಂಡು ಕೂತಳು.

ಬೆಳಗಾಗುತ್ತಿದ್ದ ಹಾಗೆ ಅದೇ ನರ್ಸು ಬಾಗಿಲು ತೆಗೆದು ಅಜ್ಜನ ಹೆಸರು ಹೇಳಿ, "ಇವರ ಕಡೆಯವ್ರು ಯಾರು?" ಅಂತ ಕೇಳಿದಳು. ಕೇಳಿದ ದನಿಯಲ್ಲೇ ಎಲ್ಲ ಗೊತ್ತಾಯಿತು. ಪ್ರೇಮತ್ತೆ ಸೆರಗು ಸರಿಮಾಡಿಕೊಂಡು, "ನಾನು" ಅಂತ ಎದ್ದು ನಿಂತಳು.